ಎಲ್ಲೀಗಂಟ ಬಂತು ಕೆಲಸ?

ನಮ್ಮ ಮಾವನನ್ನು ಬಂಗಾರಪೇಟೆ ತಾಲ್ಲೂಕಿನಲ್ಲಿ ಇದುವರೆಗೆ ಯಾರೂ ಮಾತಿನಲ್ಲಿ ಗೆದ್ದಿಲ್ಲ. ಅವನೇನೋ ದೊಡ್ಡ ಮಾತುಗಾರ ಅಂತಲ್ಲ. ಗೆಲ್ಲೋಕೆ ಹೋದವರು ಅರ್ಧದಲ್ಲೇ ಸುಸ್ತಾಗಿ, "ಆಯ್ತು ಬಿಡಪ್ಪ, ನೀನು ಹೇಳಿದ್ದೇ ಸರಿ" ಅಂತ ಎದ್ದು ಬರುತ್ತಾರೆ. ಹಾಗೆ ಎದ್ದು ಬಂದವರಲ್ಲಿ ನಮ್ಮತ್ತೆ ಇದ್ದಾಳೆ, ಆಂಡರ್ಸನ್‌ಪೇಟೆಯ ಮೂವರು ಆಟೋದವರಿದ್ದಾರೆ, ಒಬ್ಬ ಹಲ್ಲಿನ ಡಾಕ್ಟರಿದ್ದಾರೆ. ನಾನಂತೂ ಮೊದಲನೇ ಸಾಲಿನಲ್ಲೇ ಇದ್ದೀನಿ. ಹೋದ ವರ್ಷದಿಂದ ಆ ಪಟ್ಟಿಗೆ ಒಂದು ಕಂಪ್ಯೂಟರೂ ಸೇರಿಕೊಂಡಿದೆ. ಪಾಪ, ಅದಕ್ಕೆ ಎದ್ದು ಹೋಗೋಕೆ ಕಾಲಿಲ್ಲ!

ಮಾವ ಅಂದರೆ ನನ್ನ ಅಮ್ಮನ ತಮ್ಮ. ನಮ್ಮ ಕಡೆ ಅಕ್ಕನ ಮಗಳನ್ನೇ ತಂದುಕೊಳ್ಳುವ ಪದ್ಧತಿ ಇತ್ತಲ್ಲ, ಈ ಮಹಾನುಭಾವ ನಾನು ಹುಟ್ಟುವುದಕ್ಕೆ ಮುಂಚೆಯೇ ನಮ್ಮತ್ತೆಯನ್ನು ಕಟ್ಟಿಕೊಂಡು ನನಗೆ ದೊಡ್ಡ ಉಪಕಾರ ಮಾಡಿದ್ದಾನೆ. ಅತ್ತೆಯ ಋಣ ಈ ಜನ್ಮದಲ್ಲಿ ತೀರುವಂಥದ್ದಲ್ಲ. ಬೂದಿಕೋಟೆ ಕಡೆಯ ಹಳ್ಳಿಯಿಂದ ಅಕ್ಕ ತಮ್ಮ ಇಬ್ಬರೂ ಕೆಜಿಎಫ್‌ಗೆ ಗಾರೆ ಕೆಲಸಕ್ಕೆ ಬಂದವರು. ಅವನು ಸಾರುವೆ ಮೇಲೆ ನಿಂತು ಗೋಡೆ ಕಟ್ಟುವವನು, ಅಮ್ಮ ಕೆಳಗಿಂದ ಬಾಂಡ್ಲಿಯಲ್ಲಿ ಗಾರೆ ಹೊತ್ತು ಕೊಡುವವಳು. ಕತ್ತು ಸೋತುಹೋದಾಗ ಅವಳು ಕೆಳಗಿಂದ ಕೂಗುತ್ತಿದ್ದಳಂತೆ, "ಎಲ್ಲೀಗಂಟ ಬಂತೋ?" ಇವನು ಮೇಲಿಂದ, "ಕಿಟ್ಕಿ ಮಟ್ಟ ಬಂತಕ್ಕಾ, ಇನ್ನೊಂದತ್ತು ಬಾಂಡ್ಲಿ ಅಷ್ಟೇ!" ಆ ಹತ್ತು ಯಾವಾಗಲೂ ನಲವತ್ತಾಗುತ್ತಿತ್ತು. ಮುಂದೆ ನಾನು ಡಿಪ್ಲೊಮಾ ಓದುವಾಗಲೂ ಅಮ್ಮ ಕೇಳಿದ್ದು ಅದೇ ಮಾತು. ಮಾರ್ಕ್ಸು ಗೀರ್ಕ್ಸು ಅವಳಿಗೆ ತಿಳಿಯದು, ಪುಸ್ತಕ ಹಿಡಿದು ಕೂತರೆ ಪಕ್ಕ ಬಂದು, "ಎಲ್ಲೀಗಂಟ ಬಂತೇ?" ಅನ್ನುತ್ತಿದ್ದಳು. ನಾನು ಎಂಜಿನಿಯರ್ ಅನ್ನಿಸಿಕೊಂಡು ಒಂದು ಕಟ್ಟಡದ ಮುಂದೆ ನಿಲ್ಲುವ ಹೊತ್ತಿಗೆ ಕೇಳುವವಳೇ ಇರಲಿಲ್ಲ. ಅವಳು ಹೋಗಿ ಎಂಟು ವರ್ಷ ಆಯಿತು.

ಈಗ ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ರಸ್ತೆಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಒಂದು ಏಳುತ್ತಿದೆ. ನಾಲ್ಕು ಅಂತಸ್ತು. ನಾನು ಅದರ ಸೈಟ್ ಎಂಜಿನಿಯರ್. ನನ್ನೊಬ್ಬಳ ಕೈಗೇ ಒಪ್ಪಿಸಿದ ಮೊದಲ ಕಟ್ಟಡ ಅದು. ಹೊಸ ಕಾಂಕ್ರೀಟಿಗೆ ನೀರು ಹಾಕುವ ಕೆಲಸಕ್ಕೆ ಮಾವನನ್ನು ಸೇರಿಸಿದವಳೂ ನಾನೇ. ಕಲ್ಲೆತ್ತಿ ಕಾಲ ಮೇಲೆ ಹಾಕಿಕೊಳ್ಳುವುದು ಅಂದರೆ ಇದೇ ನೋಡಿ! ಹೋದ ತಿಂಗಳು ಒಂದು ಸೋಮವಾರ ಬೆಂಗಳೂರಿನ ಆಫೀಸಿನಿಂದ ಅಪ್ಪಣೆ ಬಂತು. ಮುಂದಿನ ವಾರದಿಂದ ಆ ಹಿರಿಯರು ಬೇಡ, ಶನಿವಾರದೊಳಗೆ ನೀವೇ ಹೇಳಿಬಿಡಿ ಅಂತ. "ನಾಳೆಯಿಂದ ಬರಬೇಡ ಮಾವ" ಎಂಬ ಮೂರೇ ಪದ. ಆ ಮೂರು ಪದ ಹೇಳೋಕೆ ಹೋಗಿ ಒಂದು ವಾರ ನಾನು ಪಟ್ಟ ಆಯಾಸವನ್ನು ಯಾರ ಮುಂದಾದರೂ ಹೇಳಿಕೊಳ್ಳದಿದ್ದರೆ ಆಗದು ಅಂತ ಇದನ್ನು ಬರೆಯುತ್ತಿದ್ದೀನಿ.

ಎಪ್ಪತ್ತರ ಹತ್ತಿರದ ಮನುಷ್ಯ, ಕೆಲಸ ಬಿಟ್ಟರೇನು, ಮನೆಯಲ್ಲಿ ಆರಾಮಾಗಿ ಇರಲಿ ಅನ್ನುತ್ತೀರಾ? ಇದ್ದನಲ್ಲ, ಕೊರೋನಾ ಕಾಲದಲ್ಲಿ! ಸೈಟುಗಳೆಲ್ಲ ನಿಂತಿದ್ದವು. ಮೂರು ದಿನ ಜಗಲಿ ಮೇಲೆ ಸುಮ್ಮನೆ ಕೂತ. ನಾಲ್ಕನೇ ದಿನ ಬಿಂದಿಗೆ ಎತ್ತಿಕೊಂಡು ಮನೆಯ ಗೋಡೆಗೇ ನೀರು ಹಾಕಲು ಶುರುಮಾಡಿದ. ಅವನ ತಾತನ ಕಾಲದ ಗೋಡೆ! ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ. ಪಕ್ಕದ ಮನೆಯವರ ಟ್ರಂಕಿನಲ್ಲಿದ್ದ ಮದುವೆ ಸೀರೆಗೆಲ್ಲ ಬೂಷ್ಟು ಹಿಡಿದು, ಅವರು ಬಂದು ಬಾಗಿಲಲ್ಲಿ ನಿಂತರು. ಬೈಸಿಕೊಂಡು ನೀರು ಹಾಕೋದು ಬಿಟ್ಟ. ಬಿಟ್ಟವನು ಊಟವನ್ನೂ ಬಿಟ್ಟ. ಮಲಗಿದ. ಯಾವ ಡಾಕ್ಟರಿಗೂ ಸಿಗದ ಒಂದು ಜ್ವರ ಬಂತು. ಆಗ ಅತ್ತೆ ನನಗೆ ಫೋನು ಮಾಡಿ, "ಅಮ್ಮಣ್ಣಿ, ಇವ್ನಿಗೆ ಎಲ್ಲಾನ ಒಂದ್ ಸೈಟ್ ನೋಡೇ. ಸೈಟಿಲ್ದಿದ್ರೆ ಇವ್ನ್ ಉಳಿಯಲ್ಲ, ಇವ್ನ್ ಮನೇಲಿದ್ರೆ ಗೋಡೆ ಉಳಿಯಲ್ಲ" ಅಂದಳು. ಸೈಟು ಸಿಕ್ಕಿತು, ಜ್ವರ ಹೋಯಿತು. ಆದ್ದರಿಂದ ಕೆಲಸ ಬಿಡಿಸುವುದು ಅಂದರೆ ಏನು ಅಂತ ಬೆಂಗಳೂರಿನವರಿಗೆ ಗೊತ್ತಿಲ್ಲ, ನನಗೆ ಚೆನ್ನಾಗಿ ಗೊತ್ತು.

ಇನ್ನು ಆ ಕಂಪ್ಯೂಟರಿನ ಕಥೆ ಕೇಳಿ.

ಈಗಿನ ಕಾಲದಲ್ಲಿ ಕಟ್ಟಡವನ್ನು ಎರಡು ಸಲ ಕಟ್ಟುತ್ತಾರೆ. ಮೊದಲು ಕಂಪ್ಯೂಟರಿನಲ್ಲಿ, ಆಮೇಲೆ ನೆಲದ ಮೇಲೆ. ಕಂಪ್ಯೂಟರಿನಲ್ಲಿರುವ ಕಟ್ಟಡಕ್ಕೆ ಮಾಡೆಲ್ ಅಂತಾರೆ. ಅದರಲ್ಲಿ ಪ್ರತಿಯೊಂದು ಕಂಬ, ತೊಲೆ, ಕಿಟಕಿ, ನಲ್ಲಿ ಕೂಡ ತನ್ನ ತನ್ನ ಜಾಗದಲ್ಲಿ ಇರುತ್ತದೆ, ಯಾವುದು ಯಾವ ತಾರೀಕಿಗೆ ಏಳಬೇಕು ಅನ್ನೋದೂ ಇರುತ್ತದೆ. ದಿನಾ ಒಬ್ಬರು ಕ್ಯಾಮೆರಾ ಇರುವ ಹೆಲ್ಮೆಟ್ ಹಾಕಿಕೊಂಡು ಸೈಟೆಲ್ಲ ಸುತ್ತಬೇಕು. ಕಂಪ್ಯೂಟರು ಆ ಚಿತ್ರಗಳನ್ನು ಮಾಡೆಲ್ ಪಕ್ಕ ಇಟ್ಟು ನೋಡಿ, ಆದ ಕೆಲಸಕ್ಕೆ ಹಸಿರು ಬಳಿಯುತ್ತದೆ, ತಡವಾದದ್ದಕ್ಕೆ ಕೆಂಪು ಬಳಿಯುತ್ತದೆ. ಯಾರನ್ನೂ ಏನೂ ಕೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಕೂತ ಸಾಹೇಬರು ಕಾಫಿ ಕುಡಿಯುತ್ತಾ ನಮ್ಮ ಹಾಸ್ಟೆಲ್ ಎಲ್ಲಿಯವರೆಗೆ ಬಂತು ಅಂತ ನೋಡಿಕೊಳ್ಳಬಹುದು.

ಪಾಯ ತೆಗೆಯುವ ದಿನ ನಾನು ಹೆಮ್ಮೆಯಿಂದ ಟ್ಯಾಬ್ ಹಿಡಿದು ಮಾವನಿಗೆ ತೋರಿಸಿದೆ. ನಾಲ್ಕು ಅಂತಸ್ತು, ಬಣ್ಣ, ಮೆಟ್ಟಿಲು, ಮೇಲೆ ನೀರಿನ ಟ್ಯಾಂಕು. ಅವನು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ. ಆಮೇಲೆ ಎದುರಿಗಿದ್ದ ಗುಂಡಿ ನೋಡಿದ.

"ಇದು ಆಗ್ಲೇ ಮುಗ್ದೋಗೈತಲ್ಲಮ್ಮಣ್ಣಿ. ನನ್ನ ಯಾಕ್ ಕರ್ದೆ?"

"ಇದು ಬರೀ ಚಿತ್ರ ಮಾವ. ಇದನ್ನ ನೋಡ್ಕೊಂಡು ನಾವು ಕಟ್ಟಬೇಕು."

"ಇದಕ್ಕೆ ಕ್ಯೂರಿಂಗ್ ಯಾರ್ ಮಾಡುದ್ರು?"

"ಚಿತ್ರಕ್ಕೆ ಯಾರಾದ್ರೂ ನೀರು ಹಾಕ್ತಾರಾ ಮಾವ?"

"ಅದಕ್ಕೇ ನೋಡು ಅಂಗೆ ಬೆಳ್ಳಗೆ ಬಿಳ್ಚಿಕೊಂಡೈತೆ" ಅಂದವನೇ ಬೀಡಿ ಹಚ್ಚಿಕೊಂಡು ಹೋದ. ಆವತ್ತೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಕ್ಯಾಮೆರಾ ಹೆಲ್ಮೆಟ್ಟನ್ನು ಅವನ ತಲೆಗೇ ಹಾಕಿದ್ದು ನನ್ನ ಎರಡನೇ ತಪ್ಪು. ನೀರು ಹಾಕಲು ಹೇಗೂ ಮೂಲೆ ಮೂಲೆ ತಿರುಗುತ್ತಾನೆ, ಇವನೇ ಹಾಕಿಕೊಂಡರೆ ಇನ್ನೊಬ್ಬರಿಗೆ ಯಾಕೆ ಕೆಲಸ ಅಂತ ಜಾಣತನ ಮಾಡಿದೆ. ಹೆಲ್ಮೆಟ್ಟಿನ ನೆತ್ತಿಯಲ್ಲಿ ನಿಂಬೆಹಣ್ಣಿನಷ್ಟು ಗಾತ್ರದ ಕ್ಯಾಮೆರಾ, ಸುತ್ತ ಎಲ್ಲ ದಿಕ್ಕೂ ಕಾಣುತ್ತದೆ. ಮೊದಲ ದಿನದ ವರದಿ ಬಂತು ನೋಡಿ. ಇಡೀ ಸೈಟು ಮಾಯ! ಬರೀ ಬಿಳಿ, ಅದರಲ್ಲಿ ಒಂದು ನೀಲಿ ಗೀಟು. ಬೆಂಗಳೂರಿನಿಂದ ಫೋನು, "ಮೇಡಂ, ಬಂಗಾರಪೇಟೆಯಲ್ಲಿ ಅಷ್ಟೊಂದು ಮಂಜಾ?" ಏಪ್ರಿಲ್ ತಿಂಗಳು. ರಸ್ತೆಯ ಟಾರು ಕರಗಿ ಚಪ್ಪಲಿಗೆ ಅಂಟುತ್ತಿತ್ತು. ಹೊರಗೆ ಬಂದು ನೋಡಿದರೆ ನಮ್ಮ ಮಾವ ಹೆಲ್ಮೆಟ್ಟಿನ ಮೇಲೆ ತನ್ನ ಬಿಳಿ ಟವಲನ್ನು ಮುಂಡಾಸು ಸುತ್ತಿದ್ದಾನೆ, ಕ್ಯಾಮೆರಾ ಸಮೇತ!

"ಮಾವ, ಟವಲ್ ತೆಗಿ!"

"ತಲೆಗೆ ಬಟ್ಟೆ ಇಲ್ದೆ ನಾನ್ ಯಾವತ್ತು ಕೆಲ್ಸ ಮಾಡಿದ್ದೀನಿ?"

"ಹೆಲ್ಮೆಟ್ ಇದೆಯಲ್ಲ!"

"ಅದು ಕಂಪ್ನಿಯೋರ್ದು. ಬಟ್ಟೆ ನಂದು."

ಕೊನೆಗೆ ಟವಲನ್ನು ಹೆಲ್ಮೆಟ್ಟಿನ ಒಳಗೆ ಸುತ್ತಿಕೊಳ್ಳಬಹುದು ಅಂತ ರಾಜಿಯಾಯಿತು. ಅದಾಗಲು ಎರಡು ದಿನ ಹಿಡಿಯಿತು.

ಅದು ಮುಗಿಯುವಷ್ಟರಲ್ಲಿ ಕಂಬಗಳ ಪ್ರಕರಣ. ಕಾಂಕ್ರೀಟ್ ಕಂಬ ಹಾಕಿ, ಹಲಗೆ ಬಿಚ್ಚಿದ ಮೇಲೆ ಅದಕ್ಕೆ ಗೋಣಿಚೀಲ ಸುತ್ತಿ ದಿನಾ ನೀರು ಹನಿಸಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಮಾವನಿಗೆ ಈ ಕೆಲಸ ಪೂಜೆ ಇದ್ದಂತೆ. ಒಂದು ಬೆರಳಷ್ಟು ಜಾಗವೂ ಕಾಣದ ಹಾಗೆ ಸುತ್ತಿ, ಹುರಿ ಕಟ್ಟಿ, ಗಂಟು ಹಾಕಿಡುತ್ತಾನೆ. ಕಂಪ್ಯೂಟರಿಗೆ ಕಂಬ ಗೊತ್ತು, ಗೋಣಿಚೀಲ ಗೊತ್ತಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಫೋನು.

"ಮೇಡಂ, ನಿನ್ನೆ ಒಂದನೇ ಅಂತಸ್ತಿನಲ್ಲಿ ಇಪ್ಪತ್ತೆರಡು ಕಂಬ ಇದ್ದವು. ಇವತ್ತು ಇಲ್ಲ."

"ಇವೆ ಸರ್."

"ಸಿಸ್ಟಂ ಇಲ್ಲ ಅಂತಿದೆ."

"ಸರ್, ನಾನು ಈಗ ಒಂದಕ್ಕೆ ಒರಗಿಕೊಂಡೇ ಮಾತಾಡ್ತಾ ಇದ್ದೀನಿ."

"ಒರಗಿಕೊಂಡಿರೋದಕ್ಕೆ ಫೋಟೋ ಇದೆಯಾ?"

ಮಾವನ ಹತ್ತಿರ ಹೋಗಿ, ಕ್ಯಾಮೆರಾ ಬರುವ ಹೊತ್ತಿಗೆ ಒಂದರ್ಧ ಗಂಟೆ ಚೀಲ ಬಿಚ್ಚಿಡು ಅಂದೆ. ಅವನು ನನ್ನನ್ನು ನೋಡಿದ ನೋಟ ಇದೆಯಲ್ಲ, ನಾನೇನೋ ಯಾರದ್ದೋ ಮನೆ ಹಾಳು ಮಾಡಲು ಬಂದಿದ್ದೀನಿ ಅನ್ನಿಸಿತು.

"ಉಟ್ಟಿ ಮೂರ್ ದಿನ ಆಗಿಲ್ಲ ಕಣಮ್ಮ ಇವು. ಅಸಿಗೂಸು! ಬಟ್ಟೆ ಬಿಚ್ಚಿ ಬಿಸ್ಲಾಗ್ ನಿಲ್ಸಿ ಪೋಟ ತೆಗಿ ಅಂತೀಯಲ್ಲ, ನೀನೂ ಒಂದ್ ಎಣ್ಣಾ?"

"ಮಾವ, ಕೆಂಪು ಬರ್ತಾ ಇದೆ. ಹಸಿರು ಬರ್ಬೇಕು."

"ಅಸ್ರು ಬಂದ್ ಕೂಡ್ಲೆ ಮುಗೀತಾ? ಕಂಬ ಆಕೋದು ಒಂದ್ ದಿನ. ಅದು ಕಂಬ ಆಗೋದು ಇಪ್ಪತ್ತೊಂದ್ ದಿನ. ಏಳು ಓಗು ನಿನ್ ಕಂಪೂಟ್ರಿಗೆ."

ಇಲ್ಲೂ ರಾಜಿಯಾಯಿತು. ಒಂದು ಕಂಬದ ಚೀಲ ಬಿಚ್ಚುವುದು, ಕ್ಯಾಮೆರಾಕ್ಕೆ ಮುಖ ತೋರಿಸುವುದು, ಮತ್ತೆ ಸುತ್ತಿ ನೀರು ಹಾಕುವುದು, ಆಮೇಲೆ ಮುಂದಿನ ಕಂಬಕ್ಕೆ ಹೋಗುವುದು. ಇಪ್ಪತ್ತು ನಿಮಿಷದ ಸುತ್ತಾಟ ಎರಡು ಗಂಟೆಗೆ ಹೋಯಿತು. ಹೋಗಲಿ, ಕಂಬಗಳಾದರೂ ವಾಪಸ್ ಬಂದವಲ್ಲ ಅಂತ ನಾನು ಸುಮ್ಮನಾದೆ.

ಸುಮ್ಮನಿರಲು ಬಿಟ್ಟರೆ ತಾನೆ! ನಮ್ಮ ಕಡೆ ಕಟ್ಟಡ ಏಳುವಾಗ ಕೆಟ್ಟ ಕಣ್ಣು ಬೀಳದಿರಲಿ ಅಂತ ದೃಷ್ಟಿಗೊಂಬೆ ಕಟ್ಟುತ್ತಾರಲ್ಲ, ಮಾವ ತನ್ನ ಹಳೇ ಪ್ಯಾಂಟು ಷರಟಿಗೆ ಹುಲ್ಲು ತುಂಬಿ, ಗಡಿಗೆಗೆ ಮೀಸೆ ಬರೆದು, ಮೂರನೇ ಅಂತಸ್ತಿನ ಮೂಲೆಯಲ್ಲಿ ನಿಲ್ಲಿಸಿದ. ಮಾರನೇ ದಿನವೇ ಕಂಪ್ಯೂಟರಿನಿಂದ ಎಚ್ಚರಿಕೆ ಬಂತು. ಮೂರನೇ ಅಂತಸ್ತಿನ ಅಂಚಿನಲ್ಲಿ ಹೆಲ್ಮೆಟ್ ಇಲ್ಲದ ಕಾರ್ಮಿಕ! ನಾನು ಮಾವನನ್ನು ಕರೆದು, ಇದನ್ನು ಇವತ್ತೇ ಸರಿಮಾಡು ಅಂದೆ. ಸರಿ ಅಂದ. ಮಾರನೇ ದಿನ ಎಚ್ಚರಿಕೆ ಬರಲಿಲ್ಲ. ಬದಲಿಗೆ ಬೆಂಗಳೂರಿನವರು ಹೊಗಳಿ ಬರೆದಿದ್ದರು, ನಿಮ್ಮ ಸೈಟಿನಲ್ಲಿ ಎಲ್ಲರೂ ಹೆಲ್ಮೆಟ್ ಹಾಕುತ್ತಿದ್ದಾರೆ, ಬಹಳ ಸಂತೋಷ. ಮೇಲೆ ಹತ್ತಿ ನೋಡಿದರೆ ಗೊಂಬೆಗೆ ಹಳದಿ ಹೆಲ್ಮೆಟ್ ಹಾಕಿ, ಗದ್ದಕ್ಕೆ ಪಟ್ಟಿಯನ್ನೂ ಬಿಗಿದಿದ್ದಾನೆ!

ಆ ಹೊಗಳಿಕೆ ಬಹಳ ದಿನ ಬಾಳಲಿಲ್ಲ. ಹತ್ತು ಹನ್ನೆರಡು ದಿನ ಬಿಟ್ಟು ಇನ್ನೊಂದು ಪತ್ರ. ಮೂರನೇ ಅಂತಸ್ತಿನ ಒಬ್ಬ ಕಾರ್ಮಿಕ ಎಷ್ಟೋ ದಿನದಿಂದ ನಿಂತ ಜಾಗದಿಂದ ಕದಲಿಲ್ಲ, ಕಾರಣ ತಿಳಿಸಿ. ಮಾವನಿಗೆ ಓದಿ ಹೇಳಿದೆ. ಅವನು ಗೊಂಬೆಯ ಪರವಾಗಿ ನಿಂತ.

"ಅವನ್ ಕೆಲ್ಸಾನೇ ನಿಂತ್ಕೊಂಡಿರೋದು. ಒಂದ್ ದಿನಾನೂ ರಜಾ ಕೇಳಿಲ್ಲ, ಅದನ್ನೂ ಬರಿ."

ನಾನು ಬರೆಯಲಿಲ್ಲ. ಆ ಹೊತ್ತಿಗೆ ನನಗೆ ಕಾರಣ ಬರೆದು ಬರೆದು ಸಾಕಾಗಿತ್ತು. ಒಂದು ಮಾತು ಹೇಳಲೇ? ಕೆಲಸ ಮಾಡಿದರೆ ಇಷ್ಟು ಸುಸ್ತಾಗೋದಿಲ್ಲ. ಮಾಡಿದ ಕೆಲಸವನ್ನು ಮಾಡಿದ್ದೀವಿ ಅಂತ ನಂಬಿಸುವುದರಲ್ಲೇ ಜೀವ ಹಣ್ಣಾಗುತ್ತದೆ. ಆ ಕಡೆ ಕಂಪ್ಯೂಟರು, ಈ ಕಡೆ ಮಾವ, ನಡುವೆ ನಾನು. ಬೆಳಿಗ್ಗೆ ಏಳಕ್ಕೆ ಸೈಟಿಗೆ ಬಂದರೆ ಮಧ್ಯಾಹ್ನದ ಡಬ್ಬಿ ಎಷ್ಟೋ ದಿನ ಮುಚ್ಚಿದ ಹಾಗೇ ಮನೆಗೆ ವಾಪಸ್ ಹೋಗುತ್ತಿತ್ತು. ಇದೆಲ್ಲದರ ಮೇಲೆ ಮಾವನದು ದಿನಕ್ಕೆ ನಾಲ್ಕು ಸಲ ಒಂದೇ ಪ್ರಶ್ನೆ, "ಉಂಡಾ?" ನಾನು ರೇಗುತ್ತಿದ್ದೆ.

ಇಷ್ಟೆಲ್ಲ ಆದ ಮೇಲೆ ಆ ಸೋಮವಾರದ ಫೋನು ಬಂತು. ತಗಡಿನ ಸೈಟ್ ಆಫೀಸಿನಲ್ಲಿ ಕೂತು, ಫೋನನ್ನು ಜೋರಾಗಿ ಕೇಳುವ ಹಾಗೆ ಇಟ್ಟುಕೊಂಡು ಮಾತಾಡಿದೆ. ಬೆಂಗಳೂರಿನ ಸಾಹೇಬರು ಕೆಟ್ಟವರಲ್ಲ, ನನಗಿಂತ ಚಿಕ್ಕವರು, ಅವರಿಗೂ ಮೇಲಿನವರ ಕಾಟ. ಇನ್ನು ಮುಂದೆ ಒಂದೊಂದು ಅಂತಸ್ತಿಗೂ ಕ್ಯಾಮೆರಾ ಕೂರಿಸುತ್ತಾರಂತೆ, ಯಾರೂ ಸುತ್ತಬೇಕಾಗಿಲ್ಲ. ಕಂಬಕ್ಕೆ ಬಳಿಯುವ ಒಂದು ರಾಸಾಯನಿಕ ಬರುತ್ತದಂತೆ, ಬಳಿದರೆ ಗೋಣಿಚೀಲವೂ ಬೇಡ, ನೀರೂ ಬೇಡ.

"ಮತ್ತೆ ಇನ್ನೊಂದು ಮೇಡಂ. ಆ ಹಿರಿಯರು ಒಂದೊಂದು ಕಂಬದ ಮುಂದೆ ನಾಲ್ಕು ನಾಲ್ಕು ನಿಮಿಷ ನಿಲ್ತಾರೆ. ಏನು ಮಾಡ್ತಾರೆ?"

"ಚೀಲ ಬಿಚ್ಚಿ ನೀರು ಹಾಕ್ತಾರೆ ಸರ್."

"ಅದಕ್ಕೆ ಒಂದು ನಿಮಿಷ. ನಾವು ಲೆಕ್ಕ ಹಾಕಿದ್ದೀವಿ. ಮಿಕ್ಕ ಮೂರು ನಿಮಿಷ?"

ನನಗೆ ಗೊತ್ತಿರಲಿಲ್ಲ. ಶುಕ್ರವಾರದೊಳಗೆ ಬರೆದು ಕಳಿಸಿ, ಶನಿವಾರದೊಳಗೆ ಅವರಿಗೆ ಹೇಳಿಬಿಡಿ ಅಂದರು.

ಮಂಗಳವಾರ ಧೈರ್ಯ ಮಾಡಿ ಹೋದೆ.

"ಮಾವ, ಒಂದು ಮಾತಿತ್ತು."

"ಉಂಡಾ?"

"ಆಮೇಲೆ ಉಣ್ತೀನಿ. ಮಾವ, ಬೆಂಗಳೂರಿಂದ..."

"ಏನ್ ಸಾರು?"

"ಸೊಪ್ಪಿನ ಸಾರು."

"ಯಾವ್ ಸೊಪ್ಪು?"

ದಂಟಿನ ಸೊಪ್ಪು ಅಂದೆ. ಕೆಟ್ಟೆ! ದಂಟಿಗೆ ಬೆಳ್ಳುಳ್ಳಿ ಎಷ್ಟು ಹಾಕಬೇಕು, ನಮ್ಮಮ್ಮ ಹೇಗೆ ಹಾಕುತ್ತಿದ್ದಳು, ಅತ್ತೆಗೆ ಮದುವೆಯಾಗಿ ಇಷ್ಟು ವರ್ಷವಾದರೂ ಅದು ಯಾಕೆ ಬರಲಿಲ್ಲ. ಕಾಲು ಗಂಟೆ ಆದ ಮೇಲೆ ನಾನು ಬಂದ ಕೆಲಸ ಮರೆತು ಆಫೀಸಿಗೆ ವಾಪಸ್ ಬಂದಿದ್ದೆ. ಬುಧವಾರ ಹೋದೆ. "ಉಂಡಾ? ಮುಖ ನೋಡು, ಬಾಡೋಗೈತೆ" ಅಂದ. ಆವತ್ತು ಅಷ್ಟಕ್ಕೇ ಬಾಯಿ ಕಟ್ಟಿತು. ಗುರುವಾರ, ಏನಾದರಾಗಲಿ ಅಂತ ಅವನು ಬಾಯಿ ತೆಗೆಯುವ ಮೊದಲೇ, "ಮಾವ, ಊಟ ಆಗಿದೆ, ಕೇಳು!" ಅಂದೆ. ಅದು ಸುಳ್ಳು. ಅವನು ನನ್ನ ಮುಖ ಒಂದು ಗಳಿಗೆ ನೋಡಿ, "ಅಯ್ಯಯ್ಯೋ, ಮೋಟ್ರು ಆಪ್ ಮಾಡಿಲ್ಲ!" ಅಂತ ಮೆಟ್ಟಿಲಿಳಿದು ಓಡಿಯೇಬಿಟ್ಟ. ಎಪ್ಪತ್ತರ ಮುದುಕ ಓಡುವುದನ್ನು ನೋಡುತ್ತಾ ಮೂರನೇ ಅಂತಸ್ತಿನಲ್ಲಿ ಗೊಂಬೆಯ ಪಕ್ಕ ನಾನೂ ಒಂದು ಗೊಂಬೆಯಾಗಿ ನಿಂತುಕೊಂಡಿದ್ದೆ. ಸಂಜೆ ಅತ್ತೆಗೆ ಫೋನು ಮಾಡಿ, ನೀನಾದರೂ ಹೇಳಿಬಿಡು ಅಂತ ಕೇಳಿಕೊಂಡೆ. "ನನ್ ಜತೆ ಅವ್ನ್ ಯಾವಾಗ್ ಮಾತಾಡ್ದ ಅಮ್ಮಣ್ಣಿ? ಸೈಟಲ್ಲೇ ಯಾರ್ ಜತೆನೋ ಮಾತೆಲ್ಲ ಮುಗಿಸ್ಕೊಂಡ್ ಬತ್ತಾನೆ" ಅಂದಳು. ಸೈಟಿನಲ್ಲಿ ನನ್ನನ್ನು ಬಿಟ್ಟರೆ ಅವನು ಯಾರ ಜೊತೆಯೂ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಶುಕ್ರವಾರ ಮಧ್ಯಾಹ್ನ. ಎಲ್ಲರೂ ಊಟಕ್ಕೆ ಹೋಗಿದ್ದರು. ನಾನು ತಗಡಿನ ಕೆಳಗೆ ಬೇಯುತ್ತಾ ಕಾರಣ ಬರೆಯಲು ಕೂತೆ. ಮೂರು ನಿಮಿಷಕ್ಕೆ ಕಾರಣ! ಸಿಟ್ಟು ಬಂತು. ಸಿಟ್ಟು ಬಂದದ್ದು ಒಳ್ಳೆಯದೇ ಆಯಿತು, ಇದೇ ಸಿಟ್ಟಿನಲ್ಲಿ ಮೂರು ಪದ ಹೇಳಿ ಮುಗಿಸಬಹುದು ಅಂದುಕೊಂಡು, ಇವನು ಏನು ಮಾಡುತ್ತಾ ಹೊತ್ತು ಕಳೆಯುತ್ತಾನೆ ನೋಡೇಬಿಡೋಣ ಅಂತ ಗುರುವಾರದ ವಿಡಿಯೋ ಹಾಕಿದೆ. ದಿನಾ ನೋಡುತ್ತಿದ್ದೆ, ಆದರೆ ಬೇಗ ಬೇಗ ಓಡಿಸಿ ನೋಡುತ್ತಿದ್ದೆ, ಶಬ್ದ ಇಲ್ಲದೆ. ಕಂಪ್ಯೂಟರಿಗೆ ಚಿತ್ರ ಸಾಕು, ಶಬ್ದ ಯಾಕೆ? ಆವತ್ತು ಮೊದಲ ಸಲ ಶಬ್ದ ಹಾಕಿದೆ.

ಚೀಲ ಬಿಚ್ಚಿದ ಸರಬರ. ಬಿಂದಿಗೆ ಕೆಳಗಿಟ್ಟ ಸದ್ದು. ಆಮೇಲೆ ಮಾವನ ದನಿ, ಯಾರೋ ಪಕ್ಕದಲ್ಲೇ ನಿಂತಿದ್ದಾರೆ ಅನ್ನುವ ಹಾಗೆ.

"ಅಕ್ಕಾ, ಇದು ಒಂಬತ್ತನೇ ಕಂಬ. ಏಳ್ ದಿನ ಆಯ್ತು. ಗಟ್ಟಿಗೈತೆ. ಎಲ್ಲೀಗಂಟ ಬಂತು ಅಂತ ಕೇಳ್ತಿದ್ದಲ್ಲ ನೀನು, ಮೂರ್ ಅಂತಸ್ತಾಯ್ತು ನೋಡು. ಸೋಮ್ವಾರ ಮೇಲಿನ್ ಸ್ಲಾಬ್ ಆಕುಸ್ತಾಳೆ ನಿನ್ ಮಗ್ಳು. ಆಗ ನೀನ್ ಕೆಳಗಿಂದ ಕೂಗ್ತಿದ್ದೆ, ಈಗ ನೀನ್ ಮೇಲೋಗಿ ಕೂತಿದ್ದೀಯ, ನಾನ್ ಕೆಳಗಿಂದ ಕೂಗ್ಬೇಕು. ಇರ್ಲಿ."

ನೀರು ಸುರಿದ ಶಬ್ದ. ನಾಲ್ಕು ಹೆಜ್ಜೆ.

"ಅತ್ತನೇದು. ಇದ್ರದ್ ಕಾಂಕ್ರೀಟ್ ಆಕಿದ್ ದಿನ ಅವ್ಳಿಗೆ ಜ್ವರ ಇತ್ತು. ಯಾರ್ಗೂ ಏಳ್ಲಿಲ್ಲ, ಸಂಜೆಗಂಟ ನಿಂತೇ ಇದ್ಳು. ನಂಗೆ ಗೊತ್ತಾಯ್ತು. ಇದಕ್ಕೆ ದಿನಾ ಒಂದ್ ಬಿಂದ್ಗೆ ಜಾಸ್ತಿ ಆಕ್ತೀನಿ. ಯಾಕೋ ಆಕ್ತೀನಿ, ಅಷ್ಟೇ."

ಮತ್ತೆ ನೀರು.

"ಅನ್ನೊಂದು. ನೆನ್ನೇನೂ ಡಬ್ಬಿ ಅಂಗೇ ವಾಪಸ್ ತಗೊಂಡೋದ್ಳಕ್ಕಾ. ತೂಕ ನೋಡ್ದೆ, ಬ್ಯಾಗ್ ಎತ್ಕೊಡೋವಾಗ. ಕೇಳುದ್ರೆ ರೇಗ್ತಾಳೆ. ನಿನ್ ತರಾನೇ."

ಮುಂದಿನ ಕಂಬದ ಚೀಲ ಬಿಚ್ಚಿದ. ಕ್ಯಾಮೆರಾದಲ್ಲಿ ಅವನ ಕೈ ಕಾಣುತ್ತಿತ್ತು. ಒದ್ದೆ ಕಂಬವನ್ನು ಮೇಲಿಂದ ಕೆಳಕ್ಕೆ ಸವರುತ್ತಿತ್ತು.

"ಅನ್ನೆರಡು. ಅಕ್ಕಾ, ಬೆಂಗ್ಳೂರೋರು ನನ್ನ ಬ್ಯಾಡ ಅಂದವ್ರೆ. ಸೋಮ್ವಾರಾನೇ ಕೇಳುಸ್ತು, ತಗಡಿನ್ ಆಪೀಸು. ಮೂರ್ ದಿನದಿಂದ ಏಳಕ್ ಬತ್ತಾಳೆ ಪಾಪ, ಬಾಯ್ ಬರಲ್ಲ. ನಾನೇ ಉಂಡಾ ಉಂಡಾ ಅಂತ ತಡೀತೀನಿ. ಆ ಮಾತ್ ಅವ್ಳ ಬಾಯಲ್ಲಿ ಬರ್ಬಾರ್ದು ಕಣಕ್ಕಾ. ಬಂದ್ರೆ ಸಾಯೋಗಂಟ ಕೊರಗ್ತಾಳೆ, ಮಾವನ್ನ ನಾನೇ ಓಡಿಸ್ದೆ ಅಂತ. ನಾಳೆ ನಾನೇ ಮಂಡಿನೋವು ಅಂತ ಏಳ್ಬಿಡ್ತೀನಿ. ಸೈಟಿಲ್ದೆ ಎಂಗಿರ್ತೀನೋ ಗೊತ್ತಿಲ್ಲ. ಇರ್ತೀನಿ ಬಿಡು. ಆದ್ರೆ ಇಲ್ಲೀಗಂಟ ಬಂತು ಅಂತ ನಿಂಗ್ ಯಾರ್ ಏಳ್ತಾರೆ, ಅದೊಂದೇ ನಂಗೆ."

ನನಗೆ ಅಳು ಬಂತು. ತಡೆಯಲು ಹೋಗಲಿಲ್ಲ. ಇಡೀ ಒಂದು ವರ್ಷ ನನ್ನ ಹಾಸ್ಟೆಲ್ ಎಲ್ಲಿಯವರೆಗೆ ಬಂತು ಅಂತ ಕೇಳಿದವರು ಎಷ್ಟೋ ಮಂದಿ. ನಾನು ಎಲ್ಲಿಯವರೆಗೆ ಬಂದೆ ಅಂತ ದಿನಾ ಒಬ್ಬರಿಗೆ ವರದಿ ಹೋಗುತ್ತಿದೆ ಅನ್ನೋದು ನನಗೇ ಗೊತ್ತಿರಲಿಲ್ಲ. ಮೂರು ನಿಮಿಷದಂತೆ, ಕಂಬಕ್ಕೊಂದು ಸಲ.

ಮುಖ ತೊಳೆದುಕೊಂಡು ಬಂದು ಬೆಂಗಳೂರಿಗೆ ಬರೆದೆ. ಸೋಮವಾರ ಹಾಕುವ ಮೇಲಿನ ಸ್ಲಾಬಿಗೆ ಪಾತಿ ಕಟ್ಟಿ ಇಪ್ಪತ್ತೊಂದು ದಿನ ನೀರು ನಿಲ್ಲಿಸಲೇಬೇಕು, ಆ ಬಿಸಿಲಿಗೆ ಬಳಿಯುವ ರಾಸಾಯನಿಕವನ್ನು ನಾನು ಒಪ್ಪುವುದಿಲ್ಲ, ಈ ಕಟ್ಟಡದ ಹೊಣೆ ನನ್ನದು, ಆದ್ದರಿಂದ ಅಲ್ಲಿಯವರೆಗೆ ಆ ಹಿರಿಯರು ಇಲ್ಲೇ ಇರುತ್ತಾರೆ. ಮಿಕ್ಕ ಮೂರು ನಿಮಿಷದ ಬಗ್ಗೆ, ಅವರು ಮೇಲಿನವರಿಗೆ ದಿನದ ಪ್ರಗತಿ ವರದಿ ಒಪ್ಪಿಸುತ್ತಾರೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಸರಿ, ಇಪ್ಪತ್ತೊಂದು ದಿನ ಇರಲಿ. ಆದರೆ ಯಾವ ಮೇಲಿನವರು? ಆ ಪ್ರಶ್ನೆಗೆ ನಾನು ಇವತ್ತಿನವರೆಗೂ ಉತ್ತರ ಬರೆದಿಲ್ಲ.

ಡಬ್ಬಿ ಎತ್ತಿಕೊಂಡು ಮೂರನೇ ಅಂತಸ್ತಿಗೆ ಹತ್ತಿದೆ. ಮಾವ ಗೊಂಬೆಯ ನೆರಳಿನಲ್ಲಿ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನನ್ನನ್ನು ಕಂಡ ಕೂಡಲೇ ಬಾಯಿ ತೆಗೆದ.

"ಉಂ..."

"ಇಲ್ಲ ಮಾವ. ಈಗ ಉಣ್ತೀನಿ. ನೀನೂ ಬಾ."

ಅವನಿಗೆ ಗಾಬರಿಯಾಯಿತು. ಈ ಉತ್ತರಕ್ಕೆ ಅವನು ತಯಾರಿರಲಿಲ್ಲ. ಮುದ್ದೆ ಮುರಿದು ಅವನ ಕೈಗೆ ಅರ್ಧ ಇಟ್ಟೆ. ತಣ್ಣಗಾಗಿ ಗಟ್ಟಿಯಾಗಿತ್ತು. ಇಬ್ಬರೂ ಉಂಡೆವು. ಕೈ ತೊಳೆದ ಮೇಲೆ ಅವನು ಮೊಣಕಾಲು ಸವರಿಕೊಳ್ಳಲು ಶುರುಮಾಡಿದ.

"ಅಮ್ಮಣ್ಣಿ, ನಂದೊಂದ್ ಮಾತಿತ್ತು. ಯಾಕೋ ಈ ಮಂಡಿ..."

"ಸೋಮವಾರ ಸ್ಲಾಬು ಮಾವ. ಪಾತಿ ಕಟ್ಟಿ ಇಪ್ಪತ್ತೊಂದು ದಿನ ನೀರು ನಿಲ್ಲಿಸ್ಬೇಕು. ನೀನೇ ಮಾಡ್ಬೇಕು, ಬೆಂಗಳೂರಿನವ್ರೂ ಒಪ್ಪಿದ್ದಾರೆ. ಮಂಡಿನೋವು ಆಮೇಲೆ ಬರ್ಲಿ. ಆಮೇಲಿಂದು ಆಮೇಲೆ ಇಬ್ರೂ ಕೂತು ಯೋಚ್ನೆ ಮಾಡೋಣ."

ಅವನ ಕೈ ಮೊಣಕಾಲಿನ ಮೇಲೆ ಹಾಗೇ ನಿಂತಿತು.

"ಇನ್ನೊಂದು ಮಾವ. ಅಮ್ಮಂಗೆ ಹೇಳ್ಬಿಡು, ಉಂಡ್ಳು ಅಂತ."

ಅವನು ನನ್ನ ಮುಖ ನೋಡಿದ. ತೊಡೆಯ ಮೇಲಿನ ಹೆಲ್ಮೆಟ್ ನೋಡಿದ. ಮತ್ತೆ ನನ್ನನ್ನು ನೋಡಿದ. ಕಣ್ಣು ತುಂಬಿಕೊಂಡಿತ್ತು, ಆದರೂ ಸೋಲು ಒಪ್ಪುವವನೇ?

"ಈ ಮಿಸೀನ್‌ಗೆ ಕಿವೀನೂ ಐತಾ?"

"ಐತೆ ಮಾವ."

ಟವಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಆ ನಿಂಬೆಹಣ್ಣಿನಂಥ ಕ್ಯಾಮೆರಾವನ್ನು ಬಾಯಿಯ ಹತ್ತಿರ ಹಿಡಿದು, ದೂರದ ಊರಿಗೆ ಫೋನು ಮಾಡುವವನ ಹಾಗೆ ಜೋರಾಗಿ ಕೂಗಿದ, "ಅಕ್ಕಾ! ಉಂಡ್ಳು!"

ಕ್ಯಾಮೆರಾ ಆಫ್ ಆಗಿತ್ತು. ನಾನು ಹೇಳಲಿಲ್ಲ.